ಟ್ಯಾಬ್ಲೆಟ್ಟೋ, ಲ್ಯಾಪ್‌ಟಾಪೋ? ಒಬ್ಬ ತಾಯಿಯ ಅನಿಸಿಕೆ

ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಒಂದು ವಾದ ನಡೆಯುತ್ತಿದೆ. ವಾದಿ ನನ್ನ ಹದಿನಾರು ವರ್ಷದ ಮಗಳು. ಪ್ರತಿವಾದಿ ನಾನು. ನ್ಯಾಯಾಧೀಶರಾಗಬೇಕಿದ್ದ ನಮ್ಮ ಯಜಮಾನರು “ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ” ಎಂದು ಪಾತ್ರೆ ತೊಳೆಯಲು ಎದ್ದು ಹೋಗುತ್ತಾರೆ. ವಿಷಯ ಇಷ್ಟೇ. ರಂಗೋಲಿ ಚಿತ್ರದ ಶುಭಾಶಯ ಪತ್ರ, ಹುಟ್ಟುಹಬ್ಬದ ಕಾರ್ಡು, ಸ್ಟಿಕ್ಕರ್ ಇವನ್ನೆಲ್ಲ ಮಾಡಿ ಮಾರಿ ಮಗಳು ಎರಡು ದೀಪಾವಳಿಗಳಲ್ಲಿ 700 ಡಾಲರ್ ಕೂಡಿಟ್ಟಿದ್ದಾಳೆ. ಆ ಹಣದಲ್ಲಿ ಅವಳಿಗೊಂದು ಟ್ಯಾಬ್ಲೆಟ್ ಬೇಕು. ಲ್ಯಾಪ್‌ಟಾಪ್ ತೆಗೆದುಕೋ ಎಂದು ನಾನು.

“ನಿನ್ನ ಹತ್ತಿರ ಟ್ಯಾಬ್ಲೆಟ್ ಇದೆಯಲ್ಲಮ್ಮ, ನನಗೆ ಮಾತ್ರ ಯಾಕೆ ಬೇಡ?” ಎಂದು ಅವಳು ಕೇಳುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಲು ನನ್ನ ಕಥೆಯನ್ನೇ ಸ್ವಲ್ಪ ಹೇಳಬೇಕಾಗುತ್ತದೆ.

ನಾನು ಮೈಸೂರಿನಿಂದ ಸ್ಯಾನ್ ಮಟಿಯೋಗೆ ಬಂದದ್ದು 2009ರಲ್ಲಿ, ಹೆಚ್-4 ವೀಸಾದ ಮೇಲೆ. ಈ ಪತ್ರಿಕೆ ಓದುವ ಎಷ್ಟೋ ತಾಯಂದಿರಿಗೆ ಆ ಎರಡು ಅಕ್ಷರದ ಭಾರ ಗೊತ್ತು. ಕಲಿತ ವಿದ್ಯೆ ಇತ್ತು, ಕೈಯಲ್ಲಿ ಚಿತ್ರಕಲೆ ಇತ್ತು, ಆದರೆ ಒಂದು ಡಾಲರ್ ಸಂಪಾದಿಸುವ ಹಾಗಿರಲಿಲ್ಲ. ಹೆಚ್-1ಬಿ ನೌಕರರಲ್ಲಿ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರ ಪತಿ-ಪತ್ನಿಯರು ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು ಎಂಬ ನಿಯಮ ಜಾರಿಗೆ ಬಂದದ್ದು 2015ರ ಮೇ 26ರಂದು. ನನಗೂ ಪರವಾನಗಿ ಸಿಕ್ಕಿತು. ಪರಿಚಯದವರೊಬ್ಬರ ಸೀಮಂತಕ್ಕೆ ಕೈಯಿಂದ ಬರೆದ ಆಮಂತ್ರಣ ಪತ್ರ ನನ್ನ ಮೊದಲ ವ್ಯಾಪಾರ. ಅವರು ಕೊಟ್ಟ 60 ಡಾಲರ್ ಚೆಕ್ಕನ್ನು ಬ್ಯಾಂಕಿಗೆ ಹಾಕುವ ಮೊದಲು ಒಂದು ದಿನ ದೇವರ ಮುಂದೆ ಇಟ್ಟಿದ್ದೆ. ಹೀಗೆ ಸೇರಿಸಿದ ದುಡ್ಡಿನಲ್ಲಿ 2018ರಲ್ಲಿ ಟ್ಯಾಬ್ಲೆಟ್ ಕೊಂಡೆ. ಗಾಜಿನ ಮೇಲೆ ಪೆನ್ನು ಓಡಿದ ಹಾಗೆ ಎಳೆ ರಂಗೋಲಿ ಮೂಡುವುದನ್ನು ನೋಡಿ ಇನ್ನೇನೂ ಬೇಡ ಎನಿಸಿತ್ತು.

ಪಾಠ ಕಲಿತದ್ದು ಮರುವರ್ಷ. ಫಾಸ್ಟರ್ ಸಿಟಿಯಲ್ಲಿ ಹೊಸ ಮನೆ ಕೊಂಡವರೊಬ್ಬರು ಗೃಹಪ್ರವೇಶಕ್ಕೆ 80 ಕಾರ್ಡು ಕೇಳಿದರು. ಕಳಶ, ಮಾವಿನ ತೋರಣ, ಬಾಳೆಕಂಬ ಎಲ್ಲವನ್ನೂ ಟ್ಯಾಬ್ಲೆಟ್‌ನಲ್ಲಿ ಚೆಂದವಾಗಿ ಬರೆದೆ. ಅವರಿಗೆ ಫೋನಿನಲ್ಲಿ ಕಳಿಸಿದೆ, ಬಹಳ ಮೆಚ್ಚಿದರು. ಅಚ್ಚಾಗಿ ಬಂದಾಗ ನೋಡಿದರೆ ಕಳಶದ ಅಂಚೆಲ್ಲ ಮಸುಕು! ತಪ್ಪು ಅಚ್ಚಿನವರದಲ್ಲ, ನನ್ನದೇ. ಫೋನಿನಲ್ಲಿ ಹಂಚಿಕೊಳ್ಳುವ ಚೌಕದ ಅಳತೆ, ಅಂದರೆ 1080 ಪಿಕ್ಸೆಲ್‌ಗೆ ನಾನು ಚಿತ್ರ ಬರೆದಿದ್ದೆ. ಒಳ್ಳೆಯ ಅಚ್ಚಿಗೆ ಒಂದು ಅಂಗುಲಕ್ಕೆ 300 ಚುಕ್ಕಿ ಬೇಕು. ಭಾಗಿಸಿ ನೋಡಿ ಮಕ್ಕಳೇ, 1080 ಪಿಕ್ಸೆಲ್ ಸಾಲುವುದು ಬರೀ 3.6 ಅಂಗುಲಕ್ಕೆ! 5ಕ್ಕೆ 7 ಅಂಗುಲದ ಕಾರ್ಡಿಗೆ ಬೇಕಾದದ್ದು 1500ಕ್ಕೆ 2100 ಪಿಕ್ಸೆಲ್. ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯದಿರಲು ಸುತ್ತಲೂ ಒಂದು ಅಂಗುಲದ ಎಂಟನೇ ಒಂದು ಭಾಗ ಹೆಚ್ಚಿಗೆ ಬಿಡಬೇಕು. ಅದೂ ನನಗೆ ಗೊತ್ತಿರಲಿಲ್ಲ.

ಸರಿ, ಮತ್ತೆ ಕೂತು ದೊಡ್ಡದಾಗಿ ಬರೆದೆ. ಆಗ ಎರಡನೆಯ ತೊಂದರೆ. ಆಮಂತ್ರಣದ ಒಕ್ಕಣೆಯನ್ನು ಆ ಮನೆಯ ಹಿರಿಯರು ಊರಿನಿಂದ ‘ನುಡಿ’ಯಲ್ಲಿ ಟೈಪ್ ಮಾಡಿ ಕಳಿಸಿದ್ದರು. ನನ್ನ ಟ್ಯಾಬ್ಲೆಟ್‌ನಲ್ಲಿ ತೆರೆದರೆ ಒಂದಕ್ಷರ ಕನ್ನಡವಿಲ್ಲ! ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕಾರಣ ಇದು: ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಬಟ್ಟೆ ಕಳಚಿ ಒಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ. ಯೂನಿಕೋಡ್‌ನಲ್ಲಿ ಈ ಗೊಂದಲವಿಲ್ಲ. ಅಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಜಾಗವಿದೆ. ಆದರೂ ನಮ್ಮ ಹಿರಿಯರ ಕಡತಗಳು, ಪಂಚಾಂಗದ ಪುಟಗಳು, ಮಂತ್ರ-ಹಾಡುಗಳ ಪುಸ್ತಿಕೆಗಳು ಇಂದಿಗೂ ಎಷ್ಟೋ ಹಳೆಯ ಫಾಂಟುಗಳಲ್ಲೇ ಇವೆ.

ಆ ರಾತ್ರಿ ಹನ್ನೊಂದು ಗಂಟೆಗೆ ನನ್ನನ್ನು ಕಾಪಾಡಿದ್ದು ಕಪಾಟಿನಲ್ಲಿ ಧೂಳು ಹಿಡಿದಿದ್ದ ಯಜಮಾನರ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ನುಡಿಯೂ ಇತ್ತು, ಬರಹವೂ ಇತ್ತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಪರದೇಶದ ಕನ್ನಡಿಗರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಕಡತವನ್ನು ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಒಂದೊಂದನ್ನೂ ಕಣ್ಣಿಟ್ಟು ತಿದ್ದಿ, ಪಿಡಿಎಫ್ ಮಾಡಿ ಮಲಗಿದಾಗ ಎರಡು ಗಂಟೆ. 80 ಕಾರ್ಡನ್ನು ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿಕೊಟ್ಟೆ. ಆ ತಿಂಗಳ ಸಂಪಾದನೆ ಸೊನ್ನೆ.

ಅಂದು ನನಗೆ ತಿಳಿದದ್ದು ಇದು. ಸಣ್ಣ ಕಲಾ ವ್ಯಾಪಾರದಲ್ಲಿ ಚಿತ್ರ ಬರೆಯುವುದು ಅರ್ಧ ಕೆಲಸ ಮಾತ್ರ. ಅಕ್ಷರ ಜೋಡಿಸುವುದು, ಅಳತೆ ಸರಿಪಡಿಸುವುದು, ಅಚ್ಚಿನವರು ಕೇಳಿದ ರೂಪದಲ್ಲಿ ಕಡತ ಕೊಡುವುದು, ಬಿಲ್ ಬರೆಯುವುದು, ಲೆಕ್ಕ ಇಡುವುದು, ಹಳೆಯ ಚಿತ್ರಗಳನ್ನು ಜೋಪಾನ ಮಾಡುವುದು ಇವೆಲ್ಲ ಉಳಿದರ್ಧ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ಬೀಳುವ ವಸ್ತುಗಳನ್ನು ಮಾರುವ ವ್ಯಾಪಾರಕ್ಕೆ ಸೆಲ್ಲರ್ಸ್ ಪರ್ಮಿಟ್ ಬೇಕು. ಅದಕ್ಕೆ ಶುಲ್ಕವಿಲ್ಲ, ಆದರೆ ಮಾರಿದ ಪ್ರತಿಯೊಂದು ಕಾರ್ಡಿನ ಲೆಕ್ಕ ಇಟ್ಟು ತೆರಿಗೆ ಸಲ್ಲಿಸಬೇಕು. ಕೆಲಸ ಶುರುವಾಗುವುದು ಪೆನ್ನಿನಿಂದ, ಮುಗಿಯುವುದು ಕೀಲಿಮಣೆಯಿಂದ. ಗಿರಾಕಿ ಹಣ ಕೊಡುವುದು ಮುಗಿದ ಕೆಲಸಕ್ಕೆ.

ಹಾಗಾದರೆ ಟ್ಯಾಬ್ಲೆಟ್ ಆಟದ ಸಾಮಾನೇ? ಖಂಡಿತ ಅಲ್ಲ. 2010ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಐಪ್ಯಾಡ್ ತೋರಿಸಿದಾಗ ಅದಕ್ಕೆ ಪೆನ್ನೂ ಇರಲಿಲ್ಲ, ಕನ್ನಡದ ಕೀಲಿಮಣೆಯೂ ಇರಲಿಲ್ಲ. ಪೆನ್ಸಿಲ್ ಬಂದದ್ದು 2015ರಲ್ಲಿ, ಕನ್ನಡ ಕೀಲಿಮಣೆ 2017ರಲ್ಲಿ, ನಮಗೆ ಬೇಕಾದ ಫಾಂಟು ಹಾಕಿಕೊಳ್ಳುವ ಸೌಲಭ್ಯ 2019ರಲ್ಲಿ. ಇಂದು ಅದರಲ್ಲಿ ಆಗದ ಕೆಲಸ ಕಡಿಮೆ. ಚಿತ್ರಕಾರ ಡೇವಿಡ್ ಹಾಕ್ನಿ ಯೊಸೆಮಿಟಿಯನ್ನು ಐಪ್ಯಾಡ್‌ನಲ್ಲೇ ಬರೆದು, ಆಳೆತ್ತರಕ್ಕಿಂತ ದೊಡ್ಡದಾಗಿ ಅಚ್ಚು ಹಾಕಿಸಿ, 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ಮ್ಯೂಸಿಯಂನಲ್ಲಿ ಪ್ರದರ್ಶಿಸಿದರು. ಮಗಳು ಇದನ್ನೇ ನನ್ನ ಮುಂದೆ ಹಿಡಿದಳು. ನಾನು ಹೇಳಿದೆ: “ಹಾಕ್ನಿಯವರಿಗೆ ಅಚ್ಚಿನ ಕೆಲಸ ನೋಡಿಕೊಳ್ಳಲು ಸಹಾಯಕರಿದ್ದರು ಕಣೇ. ನಿನಗೆ ಇರುವವಳು ನಾನೊಬ್ಬಳೇ, ನಾನೂ ರಾತ್ರಿ ಮಲಗಬೇಕು!”

ಟ್ಯಾಬ್ಲೆಟ್ಟೇ ಸರಿ ಎನ್ನುವ ಜಾಗವೂ ಉಂಟು. ಸ್ಯಾನ್ ಮಟಿಯೋ ಈವೆಂಟ್ ಸೆಂಟರ್‌ನಲ್ಲಿ 2006ರಿಂದ 2019ರವರೆಗೆ ನಡೆದ ಮೇಕರ್ ಫೇರ್ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಗಳಿಗೆ ಕೈಕೆಲಸದ ಹುಚ್ಚು ಹತ್ತಿದ್ದೇ ಅಲ್ಲಿ. ಅಂಥ ಮೇಳದ ಮಳಿಗೆಯಲ್ಲಿ ನಿಂತು ಮಾದರಿ ತೋರಿಸಲು, ಗಿರಾಕಿಯ ಎದುರೇ ಗೆರೆ ಎಳೆಯಲು, ಕಾರ್ಡಿನಿಂದ ಹಣ ಪಡೆಯಲು ಟ್ಯಾಬ್ಲೆಟ್ಟಿಗೆ ಸಮವಿಲ್ಲ. ಮೆಹಂದಿ ಹಾಕುವ ನನ್ನ ಗೆಳತಿಯೊಬ್ಬರು ಟ್ಯಾಬ್ಲೆಟ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಅವರ ಕೆಲಸ ಕೈಯ ಮೇಲೆ ಮುಗಿಯುತ್ತದೆ, ಅಚ್ಚಿನ ಮನೆಗೆ ಹೋಗುವುದಿಲ್ಲ. ಅವರ ಆಯ್ಕೆ ಅವರಿಗೆ ಸರಿ.

ಇನ್ನು ದುಡ್ಡಿನ ಮಾತು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುವ ಗಾದೆ ಅಂಗಡಿಯ ಬಾಗಿಲಲ್ಲಿ ಮರೆತುಹೋಗುತ್ತದೆ. 2025ರಲ್ಲಿ ಬಂದ ಸಾಮಾನ್ಯ ಐಪ್ಯಾಡ್‌ನ ಬೆಲೆ 349 ಡಾಲರ್. ಕಡಿಮೆ ಎನಿಸುತ್ತದೆ, ಅಲ್ಲವೇ? ಆದರೆ ಬರೀ ಐಪ್ಯಾಡ್‌ನಿಂದ ಕೆಲಸ ಸಾಗದು. ಅದಕ್ಕೆ ಹೊಂದುವ 79 ಡಾಲರ್‌ನ ಪೆನ್ಸಿಲ್‌ನಲ್ಲಿ ಒತ್ತಿದಷ್ಟೂ ಗೆರೆ ದಪ್ಪವಾಗುವ ಗುಣವಿಲ್ಲ. ಆ ಗುಣವಿರುವ ಪೆನ್ಸಿಲ್‌ಗೆ 99 ಡಾಲರ್. ಅದೇ ಕಂಪನಿಯ ಕೀಲಿಮಣೆಗೆ 249. ಒಟ್ಟು 697 ಡಾಲರ್, ಮೇಲೆ ಮಾರಾಟ ತೆರಿಗೆ. ಮಗಳ ಎರಡು ದೀಪಾವಳಿ ಅಲ್ಲಿಗೇ ಮುಗಿಯಿತು! ಕಾಗದಕ್ಕೂ ಲಕೋಟೆಗೂ ಒಂದು ಡಾಲರ್ ಉಳಿಯುವುದಿಲ್ಲ.

ಇನ್ನೊಂದು ದಾರಿ ನೋಡಿ. ದುರಸ್ತಿ ಮಾಡಿ ಖಾತರಿಯೊಂದಿಗೆ ಮಾರುವ ಬಳಸಿದ ಲ್ಯಾಪ್‌ಟಾಪ್ ಒಂದು. ಅದಕ್ಕೆ ಜೋಡಿಸುವ, ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ಒಂದು. ಈ ಎರಡನೆಯದು ನೂರು ಡಾಲರ್ ಒಳಗೇ ಸಿಗುತ್ತದೆ, ಒತ್ತಿದಂತೆ ಗೆರೆಯನ್ನೂ ದಪ್ಪ ಮಾಡುತ್ತದೆ. ಚಿತ್ರ ಬರೆಯಲು ಕ್ರಿಟಾ, ಎಷ್ಟು ಹಿಗ್ಗಿಸಿದರೂ ಮಸುಕಾಗದ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಎರಡೂ ಉಚಿತ. ಕನ್ನಡದ ಒತ್ತಕ್ಷರಗಳೂ ಇಂಕ್‌ಸ್ಕೇಪ್‌ನಲ್ಲಿ ಸರಿಯಾಗಿ ಮೂಡುತ್ತವೆ. ಇದರಲ್ಲಿ ಕಷ್ಟವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ ಇಟ್ಟು ಬರೆಯುವುದು ಮೊದಲ ಕೆಲವು ವಾರ ಎಡಗೈಯಲ್ಲಿ ರಂಗೋಲಿ ಬಿಟ್ಟ ಹಾಗೆ ಇರುತ್ತದೆ. ಸೋಫಾದಲ್ಲಿ ಕಾಲು ಮಡಚಿ ಕೂತು ಬರೆಯುವ ಸುಖವೂ ಇಲ್ಲ. ಆದರೆ ಅಭ್ಯಾಸದಿಂದ ಕೈ ಪಳಗುತ್ತದೆ, ಸಾಲದ ದುಡ್ಡು ಮಾತ್ರ ಅಭ್ಯಾಸದಿಂದ ಸಾಲುವುದಿಲ್ಲ.

ಆದ್ದರಿಂದ ನನ್ನ ಅನಿಸಿಕೆ ಸ್ಪಷ್ಟ. ನಿಮ್ಮ ಕೆಲಸದಲ್ಲಿ ಅಕ್ಷರ, ಅಚ್ಚು, ಲೆಕ್ಕ ಈ ಮೂರರಲ್ಲಿ ಎರಡಾದರೂ ಇದ್ದು, ಒಂದೇ ಯಂತ್ರಕ್ಕೆ ಹಣವಿದ್ದರೆ ಮೊದಲು ಲ್ಯಾಪ್‌ಟಾಪ್. ವ್ಯಾಪಾರ ತನ್ನ ಕಾಲ ಮೇಲೆ ನಿಂತು ಟ್ಯಾಬ್ಲೆಟ್ಟಿನ ಹಣವನ್ನು ತಾನೇ ದುಡಿದು ಕೊಡಲಿ. ನಾನು ಇದನ್ನೇ ಹಿಂದುಮುಂದಾಗಿ ಮಾಡಿದೆ. ಯಜಮಾನರ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿ ಇಲ್ಲದಿದ್ದರೆ ನನ್ನ ವ್ಯಾಪಾರ ಆ ಗೃಹಪ್ರವೇಶದ ದಿನವೇ ಮುಚ್ಚಿಹೋಗುತ್ತಿತ್ತು. ಮಗಳಿಗೆ ಕೊಡಬೇಕಾದ ಉತ್ತರವೂ ಇದೇ. ನನ್ನ ಹತ್ತಿರ ಟ್ಯಾಬ್ಲೆಟ್ ಇದೆ ನಿಜ, ಆದರೆ ನಾನು ಕೆಲಸ ಮುಗಿಸುವುದು ಅದರಲ್ಲಲ್ಲ.

ಪೋಷಕರಿಗೆ ಒಂದು ಮಾತು. ಮಕ್ಕಳು ತಾವೇ ದುಡಿದ ಹಣದ ವಿಷಯದಲ್ಲಿ ನಮ್ಮ ತೀರ್ಪನ್ನು ಹೇರುವುದು ಸುಲಭ. ನಾನೂ ಹೇರಲು ಹೊರಟಿದ್ದೆ. ಆರು ವರ್ಷ ದುಡಿಯುವ ಹಕ್ಕಿಲ್ಲದೆ ಕೂತಿದ್ದವಳು ನಾನು. ತನ್ನ ಕೈಯಾರೆ ಸಂಪಾದಿಸಿದ್ದನ್ನು ತನ್ನಿಷ್ಟದಂತೆ ಖರ್ಚು ಮಾಡುವ ಸಂತೋಷವನ್ನು ಮಗಳಿಂದ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಮೈಸೂರಿನ ಅಜ್ಜಿಯ ಎಪ್ಪತ್ತೈದನೇ ಹುಟ್ಟುಹಬ್ಬದ ಆಮಂತ್ರಣವನ್ನು ಮೊದಲಿಂದ ಕೊನೆಯವರೆಗೆ ಅವಳೇ ಮಾಡಬೇಕು. ಚಿತ್ರ, ಕನ್ನಡದ ಒಕ್ಕಣೆ, ಅಚ್ಚಿನ ಕಡತ, ಬಿಲ್ಲು ಎಲ್ಲವೂ. ನನ್ನ ಟ್ಯಾಬ್ಲೆಟ್ಟೂ, ಹಳೆಯ ಲ್ಯಾಪ್‌ಟಾಪೂ ಎರಡೂ ಅವಳ ಮುಂದಿರುತ್ತವೆ. ಯಾವ ಕೆಲಸಕ್ಕೆ ಯಾವುದನ್ನು ಎತ್ತಿಕೊಂಡಳು, ಎಲ್ಲಿ ಸಿಕ್ಕಿಬಿದ್ದಳು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆಮೇಲೆ ತೀರ್ಮಾನ ಅವಳದು.

ಬಿಲ್ಲು ಯಾರ ಹೆಸರಿಗೆ ಎಂದು ಕೇಳಿದಳು. “ಅಜ್ಜಿಯ ಹೆಸರಿಗೇ ಬರಿ, ಕಳಿಸುವುದು ಬೇಡ” ಎಂದೆ. ವಿಷಯ ತಿಳಿದ ಅಜ್ಜಿ ಫೋನಿನಲ್ಲಿ, “ಕಳಿಸಲಿ ಬಿಡೇ, ಮೊಮ್ಮಗಳ ಬೋಣಿ ನನ್ನ ಕೈಯಿಂದಲೇ ಆಗಲಿ” ಎಂದರು. ಈ ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಆಮಂತ್ರಣ ಮೈಸೂರು ಮುಟ್ಟಿರುತ್ತದೆ. ಮಗಳು ಯಾವುದನ್ನು ಕೊಂಡಳೆಂದು ಶಾಲೆಯ ಅಂಗಳದಲ್ಲಿ ಸಿಕ್ಕಾಗ ಅವಳನ್ನೇ ಕೇಳಿ.