ಗೇನ್ ಹತ್ತಕ್ಕೆ, ಸ್ವರ ಸೊನ್ನೆಗೆ

ಅಣ್ಣಿಗೇರಿಯ ನಮ್ಮ ಸೋದರತ್ತೆ ಮಗ ಹುಬ್ಬಳ್ಳಿಯಲ್ಲಿ ಬಿಇ ಓದ್ತಾನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಒಂದು ಫೋಟೋ ಕಳಿಸಿದ. ಗಿಟಾರ್ ಆಂಪ್. ಕಪ್ಪು ಡಬ್ಬಿ, ಮುಂದೆ ಹದಿನಾಲ್ಕು ನಾಬು, 100 ವ್ಯಾಟ್, ಮೂರು ಚಾನೆಲ್, ಬೆಲೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಕೆಳಗೆ ಒಂದೇ ಸಾಲು: "ಅಣ್ಣಾ, ಇದರಾಗ ಗೇನ್ ಭಾಳ ಐತಿ. ತಗೊಳ್ಳೇನು?" ಅರ್ಧ ದುಡ್ಡು ಈ ಸಲದ ಹೆಸರುಕಾಳಿನದು, ಅವರಪ್ಪ ಕೊಡ್ತಾರಂತೆ. ಉಳಿದದ್ದು ಇಎಂಐ.

ನನ್ನ ಜಗಳ ಆ "ಭಾಳ ಐತಿ" ಅನ್ನೋ ಮಾತಿನ ಜೊತೆಗೆ. ಇದು ಅವನೊಬ್ಬನ ರೋಗ ಅಲ್ಲ. ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ಜ್ಯಾಮ್ ರೂಮಿಗೆ ಹೋಗುವ ನಮ್ಮಂಥವರೆಲ್ಲರ ರೋಗ. ಹೈ-ಗೇನ್ ಆಂಪ್ ಎದುರಿಗೆ ನಿಂತ ಕೂಡಲೇ ನಾವು ಗೇನ್ ನಾಬನ್ನು ಹತ್ತಕ್ಕೆ ತಿರುಗಿಸ್ತೀವಿ, ಒಂದು ರಿಫ್ ಬಾರಿಸ್ತೀವಿ, ಎದೆ ನಡುಗಿತು ಅಂದ್ರೆ "ಏನ್ ಟೋನ್ ಗುರು" ಅಂತೀವಿ. ಫೋನಿನ ಕ್ಯಾಮೆರಾವನ್ನು ಮೆಗಾಪಿಕ್ಸೆಲ್ ಎಣಿಸಿ ಕೊಂಡ ಕಾಲ ಹೋಯ್ತು ಅಂದ್ಕೊಂಡಿದ್ದೆ. ಹೋಗಿಲ್ಲ.

ನಾನೂ ಹಾಗೇ ಕೊಂಡವನು. ಮೊದಲ ಬೋನಸ್ ಬಂದ ವರ್ಷ ಅಂಥದ್ದೇ ಒಂದು ಡಬ್ಬಿ ತಗೊಂಡು, ಗಣೇಶ ಹಬ್ಬಕ್ಕೆ ಕುಂದಗೋಳದ ಹತ್ತಿರದ ನಮ್ಮೂರಿಗೆ ಹೊತ್ತುಕೊಂಡು ಹೋದೆ. ಮಂಟಪದ ಪಕ್ಕ ಇಟ್ಟು, ಗೇನ್ ಪೂರ್ತಿ ಏರಿಸಿ, ಹತ್ತು ನಿಮಿಷ ಬಾರಿಸಿದೆ. ಹುಡುಗರು ಕುಣಿದರು. ಕಾಕಾ ಒಬ್ಬ ಕಟ್ಟೆ ಮೇಲೆ ಸುಮ್ಮನೆ ಕೂತಿದ್ದ. ಭಜನಿ ಮೇಳದಲ್ಲಿ ಪೇಟಿ ಬಾರಿಸುವವನು, ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ಕೇಳಿದವನು. ಮುಗಿದ ಮೇಲೆ ಕೇಳಿದ:

"ತಮ್ಮಾ, ಇದರಾಗ ಸಾ ಎಲ್ಲೈತಿ?"

"ಇದು ಮೆಟಲ್ ಕಾಕಾ. ಹಿಂಗ ಇರತೈತಿ."

"ಮೆಟಲ್ ಇರಲಿ, ತಗಡ ಇರಲಿ. ಸಾ ಇರಬೇಕಲ್ಲೋ?"

ಹಳೇ ಕಾಲದವರಿಗೆ ಡಿಸ್ಟಾರ್ಷನ್ ಅರ್ಥ ಆಗಲ್ಲ ಅಂತ ಮನಸ್ಸಿನಲ್ಲೇ ಅಂದ್ಕೊಂಡು ಸುಮ್ಮನಾದೆ. ತಪ್ಪು ನನ್ನದೇ. ಡಿಸ್ಟಾರ್ಷನ್ ಅಂದ್ರೇನು ಅಂತ ನನಗಿಂತ ಕಾಕಾಗೆ ಚೆನ್ನಾಗಿ ಗೊತ್ತಿತ್ತು. ತಂಬೂರಿ ಅವನಿಗೆ ಗೊತ್ತಿತ್ತು.

ತಂಬೂರಿಯ ತಂತಿ ಚೂಪಾದ ಅಂಚಿನ ಮೇಲೆ ಕೂರುವುದಿಲ್ಲ. ಅಗಲವಾದ, ತುಸು ಬಾಗಿದ ಕುದುರೆಯ ಮೇಲೆ ಕೂರುತ್ತೆ. ಮೀಟಿದಾಗ ತಂತಿ ಆ ಮೇಲ್ಮೈಯನ್ನು ಸವರುತ್ತಾ ಕಂಪಿಸುತ್ತೆ. ನಡುವೆ ಒಂದು ದಾರದ ಎಳೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಒಂದು ಜಾಗದಲ್ಲಿ ಇಡೀ ವಾದ್ಯ ಝೇಂಕರಿಸುತ್ತೆ. ಅದಕ್ಕೆ ಜವಾರಿ ಅಂತಾರೆ. ಈ ಕುದುರೆಯ ಮೇಲ್ಮೈಯಿಂದ ಸಹಸ್ವರಗಳು ಹೇಗೆ ಎದ್ದು ಬರುತ್ತವೆ ಅಂತ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ. ಅಂದ್ರೆ, ಶುದ್ಧ ನಾದಕ್ಕೆ ಬೇಕಂತಲೇ ಒರಟು ಸೇರಿಸಿ ಅದನ್ನು ಇನ್ನಷ್ಟು ತುಂಬಿಕೊಳ್ಳುವಂತೆ ಮಾಡುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಆದರೆ ದಾರ ಜಾಗ ತಪ್ಪಿದರೆ? ಒಂದು ಕಡೆ ಸತ್ತ ದನಿ, ಇನ್ನೊಂದು ಕಡೆ ಬರೀ ಕರಕರ. ಕಾಕಾ ಕೇಳಿದ್ದು ಇಷ್ಟೇ: ನಿನ್ನ ದಾರ ಎಲ್ಲಿ ಇಟ್ಟಿದ್ದೀ?

ಈಗ ಆಂಪಿನ ಒಳಗೆ ಬರೋಣ. ಬಿಇ ಮಾಡಿದವರು ನೀವೂ ಲೆಕ್ಕ ಹಾಕಿ. 12ಎಎಕ್ಸ್7 ಅನ್ನೋ ಟ್ಯೂಬಿನ ಒಂದು ಹಂತ ಸಿಗ್ನಲ್ಲನ್ನು ಸುಮಾರು 50 ಪಟ್ಟು ಹೆಚ್ಚಿಸುತ್ತೆ ಅನ್ನಿ. ಹೈ-ಗೇನ್ ಆಂಪಿನಲ್ಲಿ ಅಂಥ ನಾಲ್ಕು ಹಂತ ಸಾಲಾಗಿ ಕೂತರೆ 62 ಲಕ್ಷ ಪಟ್ಟಿಗೂ ಹೆಚ್ಚು. ಗಿಟಾರಿನಿಂದ ಬರುವ ಕಾಲು ವೋಲ್ಟನ್ನು ಇದರಿಂದ ಗುಣಿಸಿ ನೋಡಿ, ಊರಿಗೆ ಕರೆಂಟ್ ತರುವ ಟವರ್ ಲೈನಿನಲ್ಲೂ ಅಷ್ಟು ವೋಲ್ಟ್ ಇರಲ್ಲ. ಹಾಗಾದ್ರೆ ಅದೆಲ್ಲ ಎಲ್ಲಿ ಹೋಗುತ್ತೆ? ಒಂದಷ್ಟು ಕತ್ತರಿಸಿ ಹೋಗುತ್ತೆ. ಇನ್ನೊಂದಷ್ಟನ್ನು ಡಿಸೈನ್ ಮಾಡಿದವನೇ ಹಂತ ಹಂತಕ್ಕೂ ರೆಸಿಸ್ಟರ್ ಇಟ್ಟು ಬಿಸಾಡ್ತಾನೆ. ಗೇನ್ ತುಂಬೋದು ಯಾರಿಗೂ ಕಷ್ಟ ಅಲ್ಲ, ಇನ್ನೊಂದು ಟ್ಯೂಬ್ ಹಾಕಿದರಾಯ್ತು. ಎಲ್ಲಿ, ಎಷ್ಟು, ಯಾವ ಭಾಗವನ್ನು ಬಿಸಾಡಬೇಕು ಅನ್ನೋದೇ ಡಿಸೈನ್.

1987ರಲ್ಲಿ ಮೈಕ್ ಸೋಲ್ಡಾನೊ ಎಸ್ಎಲ್ಒ-100 ತಂದ. ಅದರಲ್ಲಿ ಒಂದು ಹಂತದ ಕ್ಯಾಥೋಡಿಗೆ 39 ಕಿಲೋಓಮ್ ರೆಸಿಸ್ಟರ್ ಇದೆ. ಮಾಮೂಲಿ ಹಂತದಲ್ಲಿ ಇರುವುದು ಒಂದೂವರೆ, ಎರಡು ಕಿಲೋಓಮ್. ಇಷ್ಟು ದೊಡ್ಡದನ್ನು ಇಟ್ಟರೆ ಆ ಹಂತದ ಗೇನ್ ಕಮ್ಮಿ ಆಗುತ್ತೆ. ಆದರೆ ಅಲೆಯ ಒಂದು ಬದಿ ಬೇಗ ಕತ್ತರಿಸಿ, ದನಿಗೆ ಅಂಚು ಬರುತ್ತೆ. 1992ರಲ್ಲಿ ಎಡ್ಡಿ ವ್ಯಾನ್ ಹೇಲನ್ ಜೊತೆಗೂಡಿ ಪೀವಿ ತಂದ 5150ರಲ್ಲೂ ಇದೇ ತಂತ್ರ. ಇನ್ನೊಂದು ನಿಯಮ: ಬೇಸನ್ನು ಡಿಸ್ಟಾರ್ಷನ್‌ಗೆ ಮೊದಲೇ ಕಡಿಮೆ ಮಾಡಬೇಕು, ಬೇಕಿದ್ದರೆ ಆಮೇಲೆ ಸೇರಿಸಬೇಕು. ಮೊದಲೇ ತುಂಬಿದರೆ ಕಪ್ಪು ಮಣ್ಣಿನ ಹೊಲದಲ್ಲಿ ಮಳೆ ಬಿದ್ದ ಮರುದಿನ ನಡೆದ ಹಾಗೆ. ಒಂದೊಂದು ಸ್ವರದ ಕಾಲಿಗೂ ಎರಡು ಕಿಲೋ ಎರಿ ಮಣ್ಣು ಮೆತ್ತಿಕೊಳ್ಳುತ್ತೆ.

ಹೈ-ಗೇನ್ ಆಂಪಿನಲ್ಲಿ ಪವರ್ ಕಾರ್ಡ್ ಯಾಕೆ ಅಷ್ಟು ಗಟ್ಟಿಯಾಗಿ ಕೇಳುತ್ತೆ ಗೊತ್ತಾ? ಪವರ್ ಕಾರ್ಡ್ ಅಂದ್ರೆ ಸಾ ಮತ್ತು ಪ, ಅಷ್ಟೇ. ಸಾ 100 ಹರ್ಟ್ಸ್ ಇದ್ದರೆ ಪ 150. ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಟ್ ಆದಾಗ ಅವುಗಳ ವ್ಯತ್ಯಾಸ, ಮೊತ್ತಗಳೂ ಹುಟ್ಟುತ್ತವೆ. ವ್ಯತ್ಯಾಸ 50, ಅದು ಮಂದ್ರದ ಸಾ. ಮೊತ್ತ 250, ಅದು ಮೇಲಿನ ಗಂಧಾರ. ಸರಿಯಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದೆ ತಾನೇ ಕೇಳಿಸುವ ಗಂಧಾರವೂ ಅದೇ. ಪ-ಸಾ-ಸಾ-ಸಾ ಅಂತ ಮಿಡಿಯುವ ತಂಬೂರಿಗೂ ಮೆಟಲ್ ರಿಫ್‌ಗೂ ಇರುವ ನಂಟು ಇದು. ಆದರೆ ಗಿಟಾರಿನ ಫ್ರೆಟ್ ಮೇಲೆ ನೀವೇ ಗಂಧಾರ ಒತ್ತಿದರೆ 125 ಬರಲ್ಲ, ಹತ್ತಿರಹತ್ತಿರ 126 ಬರುತ್ತೆ. ಆ ಒಂದು ಹರ್ಟ್ಸ್ ತಪ್ಪನ್ನೂ ಹೈ-ಗೇನ್ ಆಂಪ್ ಎತ್ತಿ ತೋರಿಸುತ್ತೆ. ಗೇನ್ ಏರಿಸಿದಷ್ಟೂ ಗಲೀಜು. ಒಳ್ಳೆ ಆಂಪ್ ಇಲ್ಲೂ ಸ್ವರಗಳನ್ನು ಬಿಡಿಬಿಡಿಯಾಗಿ ಕೇಳಿಸುತ್ತೆ. ಕೆಟ್ಟದ್ದು ಮೂರನ್ನೂ ಮಿಕ್ಸಿಗೆ ಹಾಕುತ್ತೆ.

"ಮೆಟಲ್‌ಗೆ ಗೇನ್ ಬೇಕೇ ಬೇಕು" ಅಂತೀರಿ. ಬೇಕು, ಬೇಡ ಅಂದವರು ಯಾರು? ಆದರೆ ರೆಕಾರ್ಡಿನಲ್ಲಿ ಕೇಳುವ ಆ ಗೋಡೆಯಂಥ ದನಿ ಒಂದು ನಾಬಿನಿಂದ ಬಂದದ್ದಲ್ಲ. ಮೆಟಾಲಿಕಾದ ಹೆಟ್‌ಫೀಲ್ಡ್ ಒಂದೇ ರಿಫ್ಫನ್ನು ಮತ್ತೆ ಮತ್ತೆ ಅಷ್ಟೇ ಕರಾರುವಾಕ್ಕಾಗಿ ನುಡಿಸಿ ಪದರದ ಮೇಲೆ ಪದರ ಕೂರಿಸಿದ. ಎಸಿ/ಡಿಸಿಯ ಮಾಲ್ಕಮ್ ಯಂಗ್ ಅಂತೂ ಕಡಿಮೆ ಗೇನಿನಲ್ಲೇ ಸ್ಟೇಡಿಯಮ್ ನಡುಗಿಸಿದವನು. ಗೇನ್ ಜಾಸ್ತಿ ಆದಾಗ ಮೆಲ್ಲಗೆ ಮೀಟಿದ್ದೂ ಜೋರಾಗಿ ಹೊಡೆದದ್ದೂ ಒಂದೇ ಆಗುತ್ತೆ. ಕೈತಪ್ಪು ಮುಚ್ಚಿ ಹೋಗುತ್ತೆ. ನಮಗೆ ಅದು ಇಷ್ಟ ಆಗೋದೇ ಅದಕ್ಕೆ. ಒಪ್ಪಿಕೊಳ್ಳೋಣ.

ವ್ಯಾಟಿನದೂ ಇದೇ ಕಥೆ. 50ರಿಂದ 100 ವ್ಯಾಟಿಗೆ ಹೋದರೆ ಸಿಗೋದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅಣ್ಣಿಗೇರಿಯ ಹತ್ತು ಬೈ ಹನ್ನೆರಡರ ಕೋಣೆಗೆ 100 ವ್ಯಾಟ್ ಟ್ಯೂಬ್ ಆಂಪ್ ಯಾತಕ್ಕೆ? ಅದರ ನಾಬು ಒಂದನ್ನೂ ದಾಟಲ್ಲ, ದಾಟಿದರೆ ಪಕ್ಕದ ಮನೆ ಎಮ್ಮಿ ಕಣ್ಣಿ ಹರಕೊಂಡು ಓಡುತ್ತೆ.

ಹಾಗಾದ್ರೆ ಆಂಪನ್ನು ಅಳೆಯೋದು ಹೇಗೆ? ಗೇನನ್ನು ಮೂರಕ್ಕೆ ಇಳಿಸಿ ಕೇಳಿ. ಅಲ್ಲಿ ಚೆನ್ನಾಗಿಲ್ಲದ್ದು ಹತ್ತರಲ್ಲಿ ಚೆನ್ನಾಗಿರಲ್ಲ, ಹತ್ತರಲ್ಲಿ ಗೊತ್ತಾಗಲ್ಲ ಅಷ್ಟೇ. ಆಮೇಲೆ ಗೇನ್ ಆರಕ್ಕೆ ಏರಿಸಿ, ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ತನ್ನಿ. ದನಿ ತಿಳಿಯಾಗಬೇಕು, ಸಾಯಬಾರದು. ಸಾ-ಪ ನುಡಿಸಿ, ಗಂಧಾರ ಸೇರಿಸಿ, ಮೂರೂ ಕೇಳ್ತಾವಾ ನೋಡಿ. ಅಂಗೈ ಒತ್ತಿ ರಿಫ್ಫನ್ನು ಥಟ್ಟನೆ ನಿಲ್ಲಿಸಿ. ನಿಂತಾಗ ಮೌನ ಬರಬೇಕು, ಹಿಸ್ಸೋ ಅನ್ನುವ ಹಾವಲ್ಲ. ಒಬ್ಬರೇ ಕೇಳಿ ತೀರ್ಮಾನ ಮಾಡಬೇಡಿ, ಡ್ರಮ್ಮು ಬೇಸಿನ ಜೊತೆ ಕೇಳಿ. ಕೋಣೆಯಲ್ಲಿ ಭಾರೀ ಅನ್ನಿಸಿದ ದನಿ ಅಲ್ಲಿ ನಾಪತ್ತೆ ಆಗೋದು ಮಾಮೂಲು.

ಕೊನೆಗೆ ಹಿಂದಿನ ಮುಚ್ಚಳ. ಟ್ಯೂಬ್ ಬದಲಿಸಲು ಕೈ ಹೋಗುತ್ತಾ? ಫ್ಯೂಸ್ ಎಲ್ಲಿದೆ? ಟ್ಯೂಬ್ ಸಾಕೆಟ್‌ಗಳು ಚಾಸಿಗೆ ಬಿಗಿದಿವೆಯಾ, ಅಥವಾ ಬಿಸಿಗೆ ಬೇಯುವ ಬೋರ್ಡಿನ ಮೇಲೇ ನಿಂತಿವೆಯಾ? ನನ್ನ ಡಬ್ಬಿಯಲ್ಲಿ ಬೋರ್ಡಿನ ಮೇಲೇ ಇದ್ದವು. ಎರಡನೇ ವರ್ಷ ಬೆಸುಗೆ ಬಿಟ್ಟಿತು, ಬಿಚ್ಚಿದ ಮೆಕ್ಯಾನಿಕ್ ಕೈ ಮುಗಿದು ವಾಪಸ್ ಕೊಟ್ಟ. ನಮ್ಮ ಕಡೆ ಸಂಜೆ 230 ವೋಲ್ಟ್ ಬರಬೇಕಾದ ಕಡೆ 180 ಬಂದರೆ, 6.3 ವೋಲ್ಟ್ ಬೇಕಾದ ಟ್ಯೂಬಿನ ಹೀಟರಿಗೆ ಸಿಗೋದು ಐದರ ಆಸುಪಾಸು. ಹದಿನಾಲ್ಕು ನಾಬಿನಲ್ಲಿ ಒಂದೂ ಅದಕ್ಕೆ ಉತ್ತರ ಕೊಡಲ್ಲ. ಊರಲ್ಲಿ ರಿಪೇರಿ ಆಗದ್ದು ಒಳ್ಳೆ ಡಿಸೈನ್ ಅಂತ ನನಗೆ ಯಾರೂ ಹೇಳಬೇಡಿ.

ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬರ್ತಿದ್ದರು. ಒಂದು ಸ್ವರವನ್ನು ಗಂಟೆಗಟ್ಟಲೆ ತಿದ್ದಿದ ಸೀಮೆ ಇದು. ಇಲ್ಲಿಯ ಹುಡುಗ ಮೆಟಲ್ ಬಾರಿಸೋದು ನನಗೆ ಖುಷಿ. ಆದರೆ ಅಪ್ಪನ ಹೆಸರುಕಾಳಿನ ದುಡ್ಡನ್ನು ಒಂದು ನಾಬಿನ ಮೇಲಿನ ಅಂಕಿಗೆ ಸುರಿಯೋದು ಖುಷಿ ಅಲ್ಲ.

ಅವನಿಗೆ ಉತ್ತರ ಬರೆದೆ: "ಅಂಗಡಿಗೆ ಹೋಗು. ಗೇನ್ ಮೂರಕ್ಕ ಇಟ್ಟು ಸಾ-ಪ ಬಾರಿಸಿ ರೆಕಾರ್ಡ್ ಮಾಡಿ ಕಳಸು. ಹಂಗೇ ಬಾಜೂಕಿನ 20 ವ್ಯಾಟಿಂದೂ ಕಳಸು. ಎರಡೂ ಕಾಕಾಗ ಕೇಳಸ್ತೀನಿ. ಅಂವ ಸಾ ಐತಿ ಅಂದದ್ದನ್ನ ತಗೋ."