ಸೈನಿಕನ ಸಿಗರೇಟು ಮತ್ತು ನಮ್ಮ ಹೊಗೆಸೊಪ್ಪು

ಶ್ರಾವಣ ಮಾಸದಲ್ಲಿ ಪಿರಿಯಾಪಟ್ಟಣದಿಂದ ಹುಣಸೂರಿನ ಕಡೆಗೆ ಹೊರಟರೆ ಹೊಗೆಸೊಪ್ಪಿನ ಹೊಲಗಳೂ ಅವುಗಳ ನಡುವೆ ಎತ್ತರದ ಬ್ಯಾರನ್‌ಗಳೂ ಕಾಣಸಿಗುತ್ತವೆ. ತಾಯಂದಿರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿರುತ್ತಾರೆ; ಬ್ಯಾರನ್ನಿನ ಬೆಂಕಿ ಹಗಲಿರುಳೂ ಉರಿಯುತ್ತಿರುತ್ತದೆ. ಹರಾಜು ಕಟ್ಟೆಯನ್ನು ದಾಟಿದ ಈ ಎಲೆ ಮುಂದೆ ಸಿಗರೇಟಾಗುತ್ತದೆ. ಕಳೆದ ಶತಮಾನದ ಎರಡು ಮಹಾಯುದ್ಧಗಳಲ್ಲಿ ಇಂತಹ ಸಿಗರೇಟು ಲಕ್ಷಾಂತರ ಸೈನಿಕರಿಗೆ ಸುಲಭವಾಗಿ ದೊರೆತ ಕಿರುಸುಖವಾಗಿತ್ತು. ಆ ಕಥೆಯಲ್ಲಿ ನಮಗೂ ಒಂದು ಪಾಠವಿದೆ.

1914ರ ಕ್ರಿಸ್‌ಮಸ್ ಹಬ್ಬಕ್ಕೆಂದು ಬ್ರಿಟನ್ನಿನ 17 ವರ್ಷದ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಜನರಿಂದ ಹಣ ಕೂಡಿಸಿ, ಸೈನಿಕರಿಗೆ ಹಿತ್ತಾಳೆಯ ಪುಟ್ಟ ಪೆಟ್ಟಿಗೆಗಳನ್ನು ಕಳುಹಿಸಲಾಯಿತು. ಸೇದುವವರಿಗೆ ಸಿಗರೇಟು ಮತ್ತು ತಂಬಾಕು. ಸೇದದವರಿಗೆ ಹುಳಿಮಿಠಾಯಿ, ಕಾಗದ ಮತ್ತು ಪೆನ್ಸಿಲು. ತಂಬಾಕನ್ನು ಮುಟ್ಟದ ಸಿಖ್ಖರಿಗೆ ಕಲ್ಲುಸಕ್ಕರೆ ಮತ್ತು ಸಂಬಾರ ಪದಾರ್ಥಗಳನ್ನು ಇರಿಸಿದ್ದರು.

ನಮ್ಮ ಮೈಸೂರು ಸಂಸ್ಥಾನದ ಅಶ್ವದಳವೂ ಆ ಯುದ್ಧಕ್ಕೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡಗೂಡಿ ಹೈಫಾ ಪಟ್ಟಣವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳಲ್ಲಿ ಮೈಸೂರಿನ ಸವಾರನೂ ಒಬ್ಬ. ಗೆಲುವು ಶಿಲೆಯಲ್ಲಿ ಉಳಿಯುತ್ತದೆ. ಆದರೆ ಮರಳುಗಾಡಿನ ಬಾಯಾರಿಕೆ, ನಿದ್ರೆಯಿಲ್ಲದ ರಾತ್ರಿ, ಊರಿನ ಹಂಬಲ ಇವುಗಳಿಗೆ ಸ್ಮಾರಕವಿಲ್ಲ. ಅಂತಹ ಹೊತ್ತಿನಲ್ಲಿ ಒಂದು ಲೋಟ ಚಹಾ, ಒಂದು ಪತ್ರ, ಒಂದು ಸಿಗರೇಟು ದೊಡ್ಡ ಭಾಗ್ಯವೇ ಸರಿ.

ಸ್ಟಡರ್ಟ್ ಕೆನಡಿ ಎಂಬ ಕ್ರೈಸ್ತ ಪಾದ್ರಿ ರಣರಂಗದಲ್ಲಿ ಧರ್ಮಗ್ರಂಥದೊಡನೆ ವುಡ್‌ಬೈನ್ ಸಿಗರೇಟನ್ನೂ ಹಂಚುತ್ತಿದ್ದುದರಿಂದ ಸೈನಿಕರು ಅವರನ್ನು 'ವುಡ್‌ಬೈನ್ ವಿಲ್ಲಿ' ಎಂದೇ ಕರೆದರು. ಸಾವಿನ ಸಮೀಪದಲ್ಲಿದ್ದವರಿಗೆ ಕೈನೀಡಿದ ಆ ಕರುಣೆಯನ್ನು ನಾವು ಹಳಿಯಲಾರೆವು. ಆದರೆ ಕರುಣೆಯಿಂದ ಕೊಟ್ಟದ್ದೆಲ್ಲವೂ ಹಿತವಾಗಿ ಪರಿಣಮಿಸುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನ ಊಟದ ಪೊಟ್ಟಣದಲ್ಲಿಯೇ ನಾಲ್ಕು ಸಿಗರೇಟುಗಳಿರುತ್ತಿದ್ದವು. ಗುಂಡಿನಿಂದ ಪಾರಾಗಿ ಬಂದ ಅನೇಕ ತರುಣರು ಚಟವನ್ನು ಮನೆಗೆ ತಂದರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಇಂಗ್ಲೆಂಡಿನ ಡಾಲ್ ಮತ್ತು ಹಿಲ್ 1950ರಲ್ಲಿ ತೋರಿಸಿದರು. ಅಮೆರಿಕದ ಸೇನೆ ಊಟದ ಪೊಟ್ಟಣದಿಂದ ಸಿಗರೇಟನ್ನು ತೆಗೆದದ್ದು 1975ರಲ್ಲಿ.

ಇನ್ನು ನಮ್ಮ ಮನೆಯ ಮಾತು. ಕಾಯಕದ ಶುದ್ಧಿಯನ್ನು ಕುರಿತು ಮಾತನಾಡುವ ನಮ್ಮ ಸಮಾಜದ ಎಷ್ಟೋ ಒಕ್ಕಲು ಮನೆಗಳಲ್ಲಿ ಮಕ್ಕಳ ಶಾಲೆಯ ಶುಲ್ಕ, ಮದುವೆಯ ಖರ್ಚು, ಸಾಲದ ಕಂತು ಎಲ್ಲವೂ ಈ ಎಲೆಯಿಂದಲೇ ಸಲ್ಲುತ್ತಿವೆ. ಬೆವರು ಸುರಿಸಿ ದುಡಿಯುವ ರೈತನನ್ನು ನಾವು ದೂಷಿಸುವುದಿಲ್ಲ. ನಾಳೆಯೇ ಬೆಳೆಯನ್ನು ಬಿಡಿರೆಂದು ಹೇಳುವುದು ಸುಲಭ, ಬಿಟ್ಟು ಬಾಳುವುದು ಕಷ್ಟ. ಆದರೂ ಪ್ರಶ್ನೆಯನ್ನು ಮರೆಮಾಚುವುದು ಶರಣಮಾರ್ಗವಲ್ಲ. ಎಕರೆಯಲ್ಲಿ ಒಂದು ಭಾಗವನ್ನಾದರೂ ಬೇರೆ ಬೆಳೆಗೆ ಬಿಟ್ಟು ನೋಡೋಣ. ಇಬ್ಬನಿಯಲ್ಲಿ ನೆನೆದ ಎಲೆಯನ್ನು ಬರಿಗೈಯಲ್ಲಿ ಕೀಳುವವರಿಗೆ ನಿಕೋಟಿನ್ ಚರ್ಮದ ಮೂಲಕವೇ ಒಳಸೇರಿ ತಲೆಸುತ್ತು, ವಾಂತಿ ಬರುವುದುಂಟು. ಆದುದರಿಂದ ತುಂಬುತೋಳಿನ ಅಂಗಿ, ಕೈಗವಸುಗಳನ್ನು ಧರಿಸಿಯೇ ಹೊಲಕ್ಕಿಳಿಯಬೇಕು. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಲೇಬಾರದು. ಬೆಳೆದವರ ಮನೆಯಲ್ಲಿಯೇ ಸೇದುವ ಚಟ ಮೊಳೆಯದಂತೆ ಹಿರಿಯರು ಎಚ್ಚರ ವಹಿಸಬೇಕು.

ನಿಮ್ಮ ಕೇರಿಯ ಹುಡುಗನೊಬ್ಬ ಇಂದು ಗಡಿಯಲ್ಲಿರಬಹುದು. ಅವನಿಗೂ ಕಿರುಸುಖಗಳು ಬೇಕು. ರಜೆ ಮುಗಿಸಿ ಹೊರಡುವಾಗ ಅವನ ಚೀಲದಲ್ಲಿ ಚಕ್ಕುಲಿ, ನಿಪ್ಪಟ್ಟು, ಹುರಿಹಿಟ್ಟು ಇರಲಿ. ತಿಂಗಳಿಗೊಮ್ಮೆಯಾದರೂ ಕೈಬರಹದ ಪತ್ರ ಹೋಗಲಿ. ದೂರವಾಣಿಯ ಮಾತು ಕರಗಿಹೋದರೂ ಪತ್ರವನ್ನು ಅವನು ಮತ್ತೆ ಮತ್ತೆ ಓದುತ್ತಾನೆ. 1914ರ ಆ ಪೆಟ್ಟಿಗೆಗಳಲ್ಲಿ ಸೇದದವನಿಗೆಂದು ಇಟ್ಟಿದ್ದ ಕಾಗದ, ಪೆನ್ಸಿಲುಗಳು ಯಾರ ಎದೆಯನ್ನೂ ಸುಡಲಿಲ್ಲ.