ಹದಿಮೂರು ಮಂದಿಯ ಸಂಚು, ದಂಡ ಕಟ್ಟಿದವರು ಎಲ್ಲರೂ

ಕಾರಿಡಾರಿನಲ್ಲಿ ನಾವು ದಿನಕ್ಕೆ ಹತ್ತು ಸಲ ‘ಹಾಯ್ ಗೈಸ್’ ಅನ್ನುತ್ತೇವೆ. ಆ ಪದದ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಹೆಸರು ಗೈ ಫಾಕ್ಸ್. 1605ರಲ್ಲಿ ಇಂಗ್ಲೆಂಡಿನ ಸಂಸತ್ತನ್ನು ರಾಜನ ಸಮೇತ ಮದ್ದಿಟ್ಟು ಉಡಾಯಿಸಲು ಹೊರಟು ಸಿಕ್ಕಿಬಿದ್ದವನು. ಅಲ್ಲಿ ಪ್ರತಿ ನವೆಂಬರ್ 5ರಂದು ಸುಡುವ ಅವನ ಬೊಂಬೆಗೆ ‘ಗೈ’ ಎಂಬ ಹೆಸರು ಬಂತು. ಕೊನೆಗೆ ಯಾವ ಗಂಡಸಾದರೂ ‘ಗೈ’ ಆದ. ಈಗ ‘ವಿ ಫಾರ್ ವೆಂಡೆಟಾ’ ಸಿನಿಮಾದ ದೆಸೆಯಿಂದ ಅವನ ನಗುಮುಖದ ಮುಖವಾಡ ಹೋರಾಟದ ಗುರುತಾಗಿದೆ. ಅವನನ್ನು ವೀರನೆಂದು ಮೆರೆಸುವುದು ನನಗೆ ಒಪ್ಪಿಗೆಯಿಲ್ಲ.

ಅವನ ನೋವು ಸುಳ್ಳಾಗಿರಲಿಲ್ಲ. 1570ರಲ್ಲಿ ಯಾರ್ಕ್ ನಗರದಲ್ಲಿ ಹುಟ್ಟಿದ. ಎಂಟು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಕ್ಯಾಥೊಲಿಕ್ ಮನೆತನಕ್ಕೆ ಮರುಮದುವೆಯಾದರು, ಮಗನೂ ಕ್ಯಾಥೊಲಿಕ್ ಆದ. ಆಗ ಸರ್ಕಾರಿ ಚರ್ಚಿಗೆ ಹೋಗದವರಿಗೆ ತಿಂಗಳಿಗೆ 20 ಪೌಂಡ್ ದಂಡ. ಶ್ರೀಮಂತರೂ ದಿವಾಳಿಯಾಗುವಷ್ಟು ಮೊತ್ತ ಅದು. ಫಾಕ್ಸ್ ಪಿತ್ರಾರ್ಜಿತ ಆಸ್ತಿ ಮಾರಿ ಸ್ಪೇನ್ ಸೈನ್ಯ ಸೇರಿದ, ಯುದ್ಧ ಕಲಿತ.

ಸಂಚಿನ ನಾಯಕ ಅವನಲ್ಲ, ರಾಬರ್ಟ್ ಕೇಟ್ಸ್‌ಬಿ. ಒಟ್ಟು ಹದಿಮೂರು ಮಂದಿ. ಲಾರ್ಡ್ಸ್ ಸಭೆಯ ಕೆಳಗಿನ ನೆಲಮಾಳಿಗೆಯನ್ನು ಬಾಡಿಗೆಗೆ ಹಿಡಿದು, 36 ಪೀಪಾಯಿ ಮದ್ದನ್ನು ಸೌದೆಯ ಅಡಿಯಲ್ಲಿ ಬಚ್ಚಿಟ್ಟರು. ಜಾನ್ ಜಾನ್ಸನ್ ಎಂಬ ಸುಳ್ಳು ಹೆಸರಿನಲ್ಲಿ ಕಾವಲಿದ್ದವನು ಫಾಕ್ಸ್.

ಒಂದು ವಿಷಯವನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ದಿನ ಸಭೆಯಲ್ಲಿ ಕ್ಯಾಥೊಲಿಕ್ ಶ್ರೀಮಂತರೂ ಕೂರಬೇಕಿತ್ತು. ಸಂಚುಗಾರರಿಗೆ ಇದು ಗೊತ್ತಿತ್ತು, ಅವರೊಳಗೆ ಚರ್ಚೆಯೂ ಆಗಿತ್ತು. ಆದರೂ ಮುಂದುವರಿದರು. ಯಾರನ್ನು ಉಳಿಸುತ್ತೇವೆ ಎಂದರೋ ಅವರನ್ನೇ ಸುಡಲು ತಯಾರಾಗಿದ್ದರು! ಅಂಥ ಒಬ್ಬ ಕ್ಯಾಥೊಲಿಕ್, ಲಾರ್ಡ್ ಮಾಂಟೀಗಲ್ ಅವರಿಗೆ ‘ಸಭೆಗೆ ಹೋಗಬೇಡಿ’ ಎಂದು ಹೆಸರಿಲ್ಲದ ಪತ್ರ ಬಂತು. ಅವರು ಅದನ್ನು ಸರ್ಕಾರಕ್ಕೆ ಮುಟ್ಟಿಸಿದ್ದರಿಂದಲೇ ಸಂಚು ಬಯಲಾಯಿತು.

ಫಾಕ್ಸ್‌ಗೆ ಚಿತ್ರಹಿಂಸೆ ಕೊಟ್ಟರು. ಹಿಂಸೆಯ ನಂತರ ಅವನು ಹಾಕಿದ ಸಹಿ ಇಂದಿಗೂ ಉಳಿದಿದೆ. ಓದಲಾಗದ ಗೀಚು, ನೋಡಿದರೆ ಕರುಳು ಚುರ್ರೆನ್ನುತ್ತದೆ. ಅದನ್ನು ನ್ಯಾಯ ಎನ್ನಲು ನನ್ನಿಂದಾಗದು. 1606ರ ಜನವರಿ 31ರಂದು ಅವನ ಕತೆ ಮುಗಿಯಿತು.

ಉಳಿದ ಕ್ಯಾಥೊಲಿಕರ ಕತೆ ಮುಗಿಯಲಿಲ್ಲ. ಅವರ ಹಿರಿಯ ಪಾದ್ರಿ ಜಾರ್ಜ್ ಬ್ಲ್ಯಾಕ್‌ವೆಲ್ ಸಂಚನ್ನು ಕೂಡಲೇ ಖಂಡಿಸಿದ್ದರು. ಪ್ರಯೋಜನವಾಗಲಿಲ್ಲ. ಅದೇ ವರ್ಷ ಬಂದ ಕಾನೂನು ಕ್ಯಾಥೊಲಿಕರಿಗೆ ವಕೀಲಿಕೆ, ವೈದ್ಯವೃತ್ತಿ ಎರಡನ್ನೂ ಮುಚ್ಚಿತು. ರಾಜನಿಷ್ಠೆಯ ಪ್ರಮಾಣ ಮಾಡಿ ತೋರಿಸಿ ಎಂದಿತು. ಮದ್ದಿನ ವಾಸನೆಯೂ ಗೊತ್ತಿಲ್ಲದ ರೈತ, ಬಡಗಿ, ವಿಧವೆ ಎಲ್ಲರೂ ಅನುಮಾನಿತರಾದರು. ಸಂಸತ್ತಿನಲ್ಲಿ ಕೂರುವ ಹಕ್ಕು ಅವರಿಗೆ ಸಿಕ್ಕಿದ್ದು 1829ರಲ್ಲಿ. ನಡುವೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಕಾನೂನಿನ ಪ್ರಕಾರವೇ 1859ರವರೆಗೆ ವರ್ಷವರ್ಷವೂ ಆಚರಿಸಿದ ನವೆಂಬರ್ 5, ಆ ಅನುಮಾನವನ್ನು ಆರಲು ಬಿಡಲಿಲ್ಲ.

ಮುಖವಾಡ ತೊಡುವವರ ಲೆಕ್ಕದಲ್ಲೂ, ಬೊಂಬೆ ಸುಡುವವರ ಲೆಕ್ಕದಲ್ಲೂ ಈ ಜನ ಇಲ್ಲ. ಅಂದಹಾಗೆ, ಯಾರ್ಕಿನ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಫಾಕ್ಸ್‌ನ ಬೊಂಬೆ ಸುಡುವ ವಾಡಿಕೆ ಇಲ್ಲ. ಅವನು ಅಲ್ಲಿಯ ಹಳೆಯ ವಿದ್ಯಾರ್ಥಿ.